ಕಾಶವ್ವನ ದನಿ ನಮ್ಮಲ್ಲೇ ಉಳಿದ ವರ್ಷ

ನಮ್ಮೂರಲ್ಲಿ ಎರಡು ಶಾಲೆಗಳು. ಕೆರೆಯ ಈಚೆ ದಂಡೆಯಲ್ಲಿರುವುದು ಸಣ್ಣಸಾಲಿ, ಒಂದರಿಂದ ಐದರವರೆಗೆ. ಆಚೆ ದಂಡೆಯಲ್ಲಿರುವುದು ದೊಡ್ಡಸಾಲಿ, ಆರರಿಂದ ಹತ್ತರವರೆಗೆ. ನಡುವೆ ಕೆರೆಯ ಏರಿ, ಮೇಲೆ ಹತ್ತು ನಿಮಿಷದ ದಾರಿ. ಐದು ಮುಗಿಸಿದ ಮಕ್ಕಳು ಜೂನ್ ಮೊದಲ ದಿನ ಆ ಏರಿ ದಾಟಿ ದೊಡ್ಡಸಾಲಿಗೆ ಹೋಗುತ್ತಾರೆ. ಅವರ ದನಿ ಮಾತ್ರ ಕೂಡಲೇ ಹೋಗುವುದಿಲ್ಲ. ಅದು ಹಿಂದೆ, ಸಣ್ಣಸಾಲಿಯಲ್ಲೇ ಉಳಿದುಬಿಡುತ್ತದೆ. ಮೂರು ದಿನಕ್ಕೋ ಎಂಟು ದಿನಕ್ಕೋ ತಾನಾಗಿ ಏರಿ ದಾಟಿ ಹೋಗಿ ಮಗುವನ್ನು ಕೂಡಿಕೊಳ್ಳುತ್ತದೆ.

ಹೊರಗಿನಿಂದ ಬಂದವರು ಇದನ್ನು ಕೇಳಿ ಬೆಚ್ಚಿಬೀಳುತ್ತಾರೆ. ನಮಗೆ ಇದು ಮಳೆಗಾಲದ ನೆಗಡಿಯಿದ್ದ ಹಾಗೆ. ಜೂನ್ ಬಂತೆಂದರೆ ಕಿರಾಣಿ ಅಂಗಡಿಯ ಸಂಗಪ್ಪ ಬಾಗಿಲಿಗೊಂದು ಪಾಟಿ, ಬಳಪ ತೂಗುಹಾಕುತ್ತಾನೆ, ಬಂದ ಮಗು ಬೆಲ್ಲವೋ ಉಪ್ಪೋ ಬರೆದು ತೋರಿಸಲಿ ಎಂದು. ತಾಯಂದಿರು ಮಕ್ಕಳ ಮುಂಗೈಗೆ ಎರಡು ಗೆಜ್ಜೆ ಕಟ್ಟುತ್ತಾರೆ, ಕರೆಯಬೇಕಾದಾಗ ಅಲ್ಲಾಡಿಸಲಿ ಎಂದು. ದೊಡ್ಡಸಾಲಿಯ ಮಾಸ್ತರರು ಆರನೆಯ ತರಗತಿಯವರಿಗೆ ಮೊದಲ ಹದಿನೈದು ದಿನ ಪ್ರಶ್ನೆಯನ್ನೇ ಕೇಳುವುದಿಲ್ಲ. ಹೆಸರು ಕರೆದಾಗ ಕೈ ಎತ್ತಿದರೆ ಸಾಕು. ಆಮೇಲೆ ಒಂದು ದಿನ ಊಟಕ್ಕೆ ಕೂತ ಮಗು ಇದ್ದಕ್ಕಿದ್ದ ಹಾಗೆ "ಅವ್ವಾ, ಇನ್ನೊಂಚೂರು ಸಾರು ಹಾಕು" ಅನ್ನುತ್ತದೆ. ಆ ಮನೆಯವರು ಓಣಿಗೆಲ್ಲ ಸಕ್ಕರೆ ಹಂಚುತ್ತಾರೆ.

ನಾನು ಇಂದುಮತಿ. ಸಣ್ಣಸಾಲಿಯ ಐದನೆಯ ತರಗತಿ ಇಪ್ಪತ್ತೆರಡು ವರ್ಷಗಳಿಂದ ನನ್ನದು. ಹಿಂದುಳಿದ ದನಿಗಳೆಲ್ಲ ಬಂದು ಕೂರುವುದು ನನ್ನ ಕೋಣೆಯಲ್ಲೇ, ಹಿಂದಿನ ಗೋಡೆಗೆ ಒತ್ತಿಕೊಂಡ ಬೆಂಚಿನ ಕಡೆ. ಬೆಳಿಗ್ಗೆ ಹೊಸ ಮಕ್ಕಳ ಹಾಜರಿ ಮುಗಿಸಿ, ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡ ಹಳೆಯ ಹೆಸರುಗಳನ್ನೂ ಕರೆಯುತ್ತೇನೆ. ಖಾಲಿ ಬೆಂಚಿನಿಂದ "ಹಾಜರ್ ರಿ ಅಕ್ಕೋರೇ" ಎಂದು ಉತ್ತರ ಬರುತ್ತದೆ. ಯಾವ ದಿನ ಉತ್ತರ ಬರುವುದಿಲ್ಲವೋ ಆ ದಿನ ಆ ಹೆಸರಿನ ಮೇಲೆ ಗೀಟು ಎಳೆಯುತ್ತೇನೆ. ನನ್ನ ಕೆಲಸದಲ್ಲಿ ಅಷ್ಟು ಹಿಗ್ಗಿನ ಗೀಟು ಬೇರೆ ಇಲ್ಲ.

ಆದರೆ ನಾಗರಪಂಚಮಿಯೊಳಗೆ ಹೋಗದ ದನಿ ಮುಂದೆಂದೂ ಏರಿ ದಾಟುವುದಿಲ್ಲ. ಇದು ಬರೀ ಹಿರಿಯರ ಮಾತಲ್ಲ, ಕಣ್ಣಾರೆ ಕಂಡದ್ದು. ನಮ್ಮೂರಿನ ಅಂಚೆಯ ವಿರೂಪಾಕ್ಷಿಗೆ ಈಗ ಐವತ್ತು ದಾಟಿದೆ. ಅವನ ದನಿ ಹತ್ತನೆಯ ವಯಸ್ಸಿನಲ್ಲಿ ಇಲ್ಲೇ ಉಳಿಯಿತು, ಉಳಿದದ್ದು ವರ್ಷ ವರ್ಷಕ್ಕೆ ತೆಳುವಾಯಿತು. ಈಗ ಜಡಿಮಳೆ ಹಿಡಿದ ದಿನ ಮಾತ್ರ ನನ್ನ ಕೋಣೆಯ ಗೋಡೆಯೊಳಗಿಂದ ಒಬ್ಬ ಹುಡುಗ ಏಳರ ಮಗ್ಗಿ ಹೇಳುವುದು ಕೇಳಿಸುತ್ತದೆ. ವಿರೂಪಾಕ್ಷಿ ಮದುವೆಯಾದ, ಮಕ್ಕಳನ್ನು ಸಾಕಿದ, ಯಾರ ಪತ್ರವನ್ನೂ ತಪ್ಪಿಸಲಿಲ್ಲ. ಮಗಳಿಗೆ ಒಂದು ಜೋಗುಳ ಮಾತ್ರ ಹಾಡಲಾಗಲಿಲ್ಲ.

ಆ ವರ್ಷ ಏರಿ ದಾಟಿದವರು ಮೂವತ್ತೊಂದು ಮಕ್ಕಳು. ಅವರಲ್ಲಿ ಬಡಿಗೇರ ದುರ್ಗಪ್ಪನ ಮಗಳು ಕಾಶವ್ವನೂ ಒಬ್ಬಳು. ದುರ್ಗಪ್ಪ ಬಾಗಿಲು ಕಿಟಕಿ ಮಾಡುವವನು. ಅವನ ಹೆಂಡತಿ ಫಕೀರವ್ವ ಹಳೆ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುವವಳು. ಕಾಶವ್ವ ನೋಡಲು ಕಡ್ಡಿಯಂತಿದ್ದಳು. ಆದರೆ ಪುಸ್ತಕ ಹಿಡಿದು ನಿಂತು ಓದಲು ಶುರುಮಾಡಿದರೆ ಬಿಸಿಯೂಟದ ಮನೆಯಲ್ಲಿ ಸೌಟಿನ ಸದ್ದು ನಿಲ್ಲುತ್ತಿತ್ತು. ಅಲ್ಪವಿರಾಮಕ್ಕೆ ಎಷ್ಟು ನಿಲ್ಲಬೇಕು, ಪೂರ್ಣವಿರಾಮಕ್ಕೆ ಎಷ್ಟು ಎಂಬುದನ್ನು ಅವಳಿಗೆ ನಾನು ಕಲಿಸಿದ್ದಲ್ಲ. ಅದು ಅವಳೊಟ್ಟಿಗೇ ಬಂದದ್ದು.

ಜೂನ್ ಮುಗಿಯುವಷ್ಟರಲ್ಲಿ ಇಪ್ಪತ್ತೊಂಬತ್ತು ಹೆಸರುಗಳ ಮೇಲೆ ಗೀಟು ಎಳೆದಿದ್ದೆ. ಜುಲೈ ಮೊದಲ ವಾರದಲ್ಲಿ ಇನ್ನೊಂದು ಹೋಯಿತು. ಉಳಿದದ್ದು ಕಾಶವ್ವನ ದನಿ ಒಂದೇ.

ಇಲ್ಲಿ ನನ್ನ ತಪ್ಪನ್ನು ಹೇಳಿಬಿಡಬೇಕು. ನನಗೆ ಚಿಂತೆಯಾಗಲಿಲ್ಲ, ಒಳಗೊಳಗೇ ಸಮಾಧಾನವಾಯಿತು. ಆ ವರ್ಷ ನನ್ನ ಪಾಲಿಗೆ ಬಂದ ಹೊಸ ಐದನೆಯವರು ಓದುವುದರಲ್ಲಿ ಕಾಲೆಳೆಯುವ ಮಕ್ಕಳು. "ಕಾಶೀ, ಮೂರನೇ ಪಾಠ ಓದವಾ, ಇವರೂ ಕೇಳಲಿ" ಎಂದರೆ ಸಾಕು, ಖಾಲಿ ಬೆಂಚಿನಿಂದ ದನಿ ಎದ್ದು ಕೋಣೆ ತುಂಬುತ್ತಿತ್ತು. ಮಕ್ಕಳು ತೆರೆದ ಬಾಯಿ ಮುಚ್ಚದೆ ಕೇಳುತ್ತಿದ್ದರು. ನಾನು ಕುರ್ಚಿಗೊರಗಿ ಕಣ್ಣು ಮುಚ್ಚುತ್ತಿದ್ದೆ. ಪಂಚಮಿ ಹತ್ತಿರ ಬರುತ್ತಿದೆ ಎಂಬುದು ಕ್ಯಾಲೆಂಡರಿನಲ್ಲಿ ಕಾಣುತ್ತಿತ್ತು, ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಹಬ್ಬಕ್ಕೆ ಹನ್ನೆರಡು ದಿನವಿದ್ದಾಗ ಮಧ್ಯಾಹ್ನ ಫಕೀರವ್ವ ಬಂದಳು. ತಲೆಯ ಮೇಲೆ ಕೌದಿಯ ಗಂಟು, ಪಕ್ಕದಲ್ಲಿ ಮಗಳು. ಕಾಶವ್ವನನ್ನು ನಾನು ಕಂಡು ಒಂದೂವರೆ ತಿಂಗಳಾಗಿತ್ತು. ದನಿ ದಿನಾ ಕೇಳುತ್ತಿದ್ದೆನಲ್ಲ, ಹುಡುಗಿಯೂ ಹಾಗೇ ಗೆಲುವಾಗಿರಬೇಕು ಎಂದುಕೊಂಡಿದ್ದೆ. ನನ್ನೆದುರು ನಿಂತವಳ ತುಟಿ ಒಣಗಿ ಬಿರಿದಿತ್ತು. ಕಣ್ಣ ಕೆಳಗೆ ಕಪ್ಪು. ಹೊಸ ಸಮವಸ್ತ್ರ ಮೊಳೆಗೆ ತೂಗುಹಾಕಿದಂತೆ ಮೈಮೇಲೆ ಜೋತಾಡುತ್ತಿತ್ತು.

"ಅಕ್ಕೋರೇ," ಎಂದಳು ಫಕೀರವ್ವ, "ಒಂದ ಸಲ ಅಕೀ ದನಿ ಕೇಳಿ ಹೋಗೂಣು ಅಂತ ಬಂದೆ. ಮನ್ಯಾಗ ಗೆಜ್ಜಿ ಸಪ್ಪಳಾ ಬಿಟ್ರ ಏನೂ ಇಲ್ರಿ."

ನಾನು ಬೆಂಚಿನ ಕಡೆ ತಿರುಗಿ, "ಕಾಶೀ, ಅವ್ವ ಬಂದಾಳ ನೋಡು. ಮಾತಾಡವಾ" ಎಂದೆ. ಬೆಂಚು ಸುಮ್ಮನಿತ್ತು. ತಾಯಿ ಕಾದಳು. ಬಾಗಿಲಲ್ಲಿ ನಿಂತ ಮಗಳು ತನ್ನ ಕಾಲ ಹೆಬ್ಬೆರಳನ್ನೇ ನೋಡುತ್ತಿದ್ದಳು.

"ಹೆದರಬ್ಯಾಡ, ಹೆದರಬ್ಯಾಡ ಅಂತ ಸಾವಿರ ಸಲ ಹೇಳೇನ್ರಿ," ಎಂದು ಫಕೀರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ದೊಡ್ಡಾಕಿ ಆಗೀಯವಾ ಅಂದೆ. ಹೊಸಾ ಪಾಟೀಚೀಲ ಹೊಲದ ಕೊಟ್ಟೆ. ಅವರಪ್ಪ ದಿನಾ ಏರಿ ಮಟಾ ಕಳಿಸಿ ಬರತಾನ. ಇನ್ನೇನ ಮಾಡ್ಲಿ ಹೇಳ್ರಿ?"

ಅವರು ಹೋದ ಮೇಲೆ ನನ್ನ ಮುಖವನ್ನು ನಾನೇ ನೋಡಿಕೊಳ್ಳಲಾಗಲಿಲ್ಲ.

ಮರುದಿನ ವಿರೂಪಾಕ್ಷಿ ಶಾಲೆಯ ಟಪಾಲು ತಂದ. ಅವನನ್ನು ಕಟ್ಟೆಯ ಮೇಲೆ ಕೂರಿಸಿ ಚಹ ಕೊಟ್ಟೆ. ಇಪ್ಪತ್ತೆರಡು ವರ್ಷಗಳಲ್ಲಿ ಕೇಳದಿದ್ದುದನ್ನು ಕೇಳಿದೆ: "ವಿರೂಪಾಕ್ಷಣ್ಣಾ, ಆವತ್ತ ನಿನ್ನ ದನಿ ಯಾಕ ಹೋಗಲಿಲ್ಲ?" ಅವನು ಬಟ್ಟಲನ್ನು ಕೆಳಗಿಟ್ಟ. ಆಮೇಲೆ ಕಿಸೆಯಿಂದ ಸಣ್ಣ ಪಾಟಿ ತೆಗೆದು ಬರೆದ: "ಎಲ್ಲಾರೂ ಹೆದರಬ್ಯಾಡ ಅಂದ್ರು. ಯಾತಕ್ಕ ಹೆದರತಿ ಅಂತ ಯಾರೂ ಕೇಳಲಿಲ್ಲ." ನಾನು ಓದಿದ್ದನ್ನು ನೋಡಿ, ಅಂಗೈಯಿಂದ ಒರೆಸಿ, ಚೀಲ ಹೆಗಲಿಗೇರಿಸಿಕೊಂಡು ಎದ್ದುಹೋದ.

ಸಂಜೆ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ನಾನು ಹಿಂದಿನ ಬೆಂಚಿಗೆ ಹೋಗಿ ಅದರ ಪಕ್ಕ ಕೂತೆ. ಸಣ್ಣ ಬೆಂಚು, ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. "ಕಾಶೀ, ದೊಡ್ಡಸಾಲ್ಯಾಗ ನಿನಗ ಯಾತರ ಅಂಜಿಕಿ?" ಎಂದು ಕೇಳಿದೆ. ಹುಡುಗಿಗೆ ಗೊತ್ತಿರುವುದೆಲ್ಲ ದನಿಗೂ ಗೊತ್ತಿರುತ್ತದೆ.

"ಹೆಣ್ಣಮಕ್ಕಳ ಪಾಯಖಾನಿ ಬಾಗಲಾ ಚಿಲಕ ಬೀಳಂಗಿಲ್ರಿ ಅಕ್ಕೋರೇ," ಎಂದಿತು ದನಿ, ಬಹಳ ಮೆಲ್ಲಗೆ. "ಅದಕ್ಕ ನಾ ಮುಂಜಾನಿಂದ ನೀರ ಕುಡಿಯಂಗಿಲ್ಲ."

ಅವಳ ಒಣಗಿದ ತುಟಿ ನೆನಪಾಯಿತು. "ಮತ್ತ?"

"ಒಂದೊಂದ ಪಾಠಕ್ಕ ಒಂದೊಂದ ಕ್ವಾಣಿಗೆ ಹೋಗಬೇಕರಿ. ಗಂಟಿ ಹೊಡದ ಕೂಡಲೇ ಎಲ್ಲಾರೂ ಓಡತಾರ. ನನಗ ಯಾವದು ಎಲ್ಲೆ ಅಂತ ತಿಳಿಯಂಗಿಲ್ಲ. ಒಮ್ಮೆ ಹತ್ತನೇದವರ ಕ್ವಾಣ್ಯಾಗ ಹೋಗಿ ಕುಂತಬಿಟ್ಟಿದ್ದೆ. ಎಲ್ಲಾರೂ ನಕ್ರು."

ಓದು ಕಷ್ಟ ಎಂದೋ ಮಾಸ್ತರರು ಬೈಯುತ್ತಾರೆ ಎಂದೋ ಹೇಳುತ್ತದೆ ಅಂದುಕೊಂಡಿದ್ದೆ. ಒಂದು ಚಿಲಕ, ಏಳು ಕೋಣೆ. ಇಷ್ಟಕ್ಕೆ ಒಂದು ಮಗು ಐವತ್ತು ದಿನ ಬಾಯಾರಿಕೊಂಡು ಕೂತಿತ್ತು.

ಮಾರನೆಯ ದಿನವೇ ದೊಡ್ಡಸಾಲಿಗೆ ಹೋಗಿ ಹೆಡ್‌ಮಾಸ್ತರರನ್ನು ಕಂಡೆ. ಚಿಲಕದ ಮಾತು ಬಂದಾಗ ಅವರು ಹಣೆ ಹಣೆ ಬಡಿದುಕೊಂಡರು. ಗಂಡಸರಿಗೆ ಅದು ತಿಳಿದೇ ಇರಲಿಲ್ಲ, ಹುಡುಗಿಯರು ಹೇಳಿರಲಿಲ್ಲ. ರವಿವಾರ ದುರ್ಗಪ್ಪ ಉಳಿ, ಸುತ್ತಿಗೆ ತಂದ. ಅವನು ಚೌಕಟ್ಟು ಕೆತ್ತುವಾಗ ಕಾಶವ್ವ ತಿರುಪುಗಳನ್ನು ಅಂಗೈಯಲ್ಲಿ ಹಿಡಿದು ನಿಂತಳು. ಹೊಸ ಚಿಲಕ ಕೂತ ಮೇಲೆ ತಾನೇ ಒಳಗೆ ಹೋಗಿ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಹೊರಗೆ ನಿಂತು ನಾವಿಬ್ಬರೂ ಬಾಗಿಲು ತಳ್ಳಿ ನೋಡಿದೆವು. ಜಗ್ಗಲಿಲ್ಲ.

ಅವತ್ತು ಎಂಟನೆಯ ತರಗತಿಯ ಶಬಾನಾಳನ್ನೂ ಕರೆದಿದ್ದೆ. ಅವಳ ದನಿಯೂ ಎರಡು ವರ್ಷದ ಹಿಂದೆ ನನ್ನ ಬೆಂಚಿನಲ್ಲಿ ನಲವತ್ತು ದಿನ ಕೂತಿತ್ತು. ಈಗ ಅವಳ ಬಾಯಿಗೆ ಬೀಗ ಹಾಕುವವರಿಲ್ಲ. "ಬಾರ, ನಾ ತೋರಸ್ತೀನಿ" ಎಂದು ಕಾಶವ್ವನ ಕೈ ಹಿಡಿದು ಹೊರಟಳು. "ಇದು ವಿಜ್ಞಾನದ ಕ್ವಾಣಿ, ಬಾಗಲದಾಗ ಹಲ್ಲಿ ಇರತೈತಿ, ಹೆದರಬ್ಯಾಡ. ಅಯ್ಯ, ಹೆದರಿದ್ರ ಹೆದರು, ನಾನೂ ಹೆದರತೀನಿ. ಇದು ಗಣಿತ. ಗಣಿತದ ಸರ್ ಸಿಟ್ಟಿಗಿ ಬಂದ್ರ ಅವರ ಕಿವಿ ಅಷ್ಟ ಕೆಂಪಗಾಗತಾವ, ಮತ್ತೇನೂ ಆಗಂಗಿಲ್ಲ." ಖಾಲಿ ಶಾಲೆಯ ಒಂದೊಂದು ಕೋಣೆಗೂ ಹೋಗಿ, ಒಂದೊಂದು ಬೆಂಚಿನಲ್ಲೂ ಕೂತು ಎದ್ದರು. ಮೂರನೆಯ ಸುತ್ತಿಗೆ ಶಬಾನಾ ಗಂಟೆ ಬಾರಿಸಿದಂತೆ ತಟ್ಟೆ ಬಡಿದಳು. ಕಾಶವ್ವ ಒಬ್ಬಳೇ ಓಡಿ ಸರಿಯಾದ ಕೋಣೆ ಹೊಕ್ಕಳು. ಹೊರಗೆ ಬಂದು ನಕ್ಕಳು. ಸದ್ದಿಲ್ಲದ ನಗು, ಆದರೆ ಹೆಗಲು ಕುಣಿಯುವಂಥದು. ಆಮೇಲೆ ನಳದ ಕೆಳಗೆ ಬೊಗಸೆಯೊಡ್ಡಿ ಗಟಗಟ ನೀರು ಕುಡಿದಳು. ದುರ್ಗಪ್ಪ ಮುಖ ಆಚೆ ತಿರುಗಿಸಿ ಉಳಿಯನ್ನು ಒರೆಸತೊಡಗಿದ. ಅದರಲ್ಲಿ ಒರೆಸುವಂಥದು ಏನೂ ಇರಲಿಲ್ಲ.

ಸೋಮವಾರ ದನಿ ಹೋಗಿರುತ್ತದೆ ಎಂದು ನಂಬಿಕೊಂಡೇ ಹಾಜರಿ ಕರೆದೆ. "ಹಾಜರ್ ರಿ ಅಕ್ಕೋರೇ" ಎಂದಿತು. ಮಂಗಳವಾರವೂ ಹಾಗೇ. ಬುಧವಾರವೂ. ಹುಡುಗಿ ಈಗ ನೀರು ಕುಡಿಯುತ್ತಿದ್ದಳು, ಕೋಣೆ ತಪ್ಪುತ್ತಿರಲಿಲ್ಲ, ಊಟದ ಹೊತ್ತಿಗೆ ಶಬಾನಾಳ ಗುಂಪಿನಲ್ಲಿ ಕೂರುತ್ತಿದ್ದಳು. ಮುಖಕ್ಕೆ ಕಳೆ ಬಂದಿದೆ ಎಂದು ಫಕೀರವ್ವ ಹೇಳಿ ಕಳಿಸಿದ್ದಳು. ಆದರೂ ದನಿ ಜಾಗ ಬಿಟ್ಟು ಕದಲಲಿಲ್ಲ.

"ಇನ್ಯಾಕವಾ?" ಎಂದು ಕೇಳಿದೆ.

"ಇಲ್ಲೆ ಛಲೋ ಐತ್ರಿ," ಎಂದಿತು ದನಿ, ಸಂಕೋಚವೇ ಇಲ್ಲದೆ. "ನೀವು ನನ್ನ ಕೈಲೆ ಓದಸ್ತೀರಿ."

ಒಂದು ಮಾತು ಇಷ್ಟು ಮೆಲ್ಲಗೆ ಬಂದು ಇಷ್ಟು ಜೋರಾಗಿ ಹೊಡೆಯಬಹುದೆಂದು ನನಗೆ ಗೊತ್ತಿರಲಿಲ್ಲ. ಮಗುವಿನ ಹೆದರಿಕೆಯನ್ನು ಆಚೆ ದಂಡೆಯಲ್ಲಿ ಹುಡುಕುತ್ತಿದ್ದೆ. ಈಚೆ ದಂಡೆಯಲ್ಲಿ ದನಿಯ ಸೆರಗು ಹಿಡಿದು ಕೂತವಳು ನಾನೇ. ನನ್ನ ಕೋಣೆ ಸೊಗಸಾಗಿರಲಿ ಎಂದು, ನನ್ನ ಪಾಠ ಹಗುರಾಗಲಿ ಎಂದು.

ಪಂಚಮಿಯ ಹಿಂದಿನ ದಿನ ಹಾಜರಿ ಪುಸ್ತಕ ತೆರೆದೆ. ಹೊಸ ಮಕ್ಕಳ ಹೆಸರುಗಳನ್ನೆಲ್ಲ ಕರೆದೆ. ಪುಸ್ತಕ ಮುಚ್ಚಿದೆ. ಪಾಠವನ್ನು ಓದಲು ಹೊಸಬರಲ್ಲೇ ಒಬ್ಬಳನ್ನು ಎಬ್ಬಿಸಿದೆ. ಅವಳು ಅಕ್ಷರ ಅಕ್ಷರ ಕೂಡಿಸುತ್ತ ಏದುಸಿರುಬಿಟ್ಟಳು. ನಾನು ಬೆಂಚಿನ ಕಡೆ ನೋಡಲಿಲ್ಲ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಹಿಂದಿನಿಂದ ಕೇಳಿತು: "ಅಕ್ಕೋರೇ, ನನ್ನ ಹೆಸರ ಬಿಟ್ಟೀರಿ."

"ನಿನ್ನ ಹೆಸರು ಈ ಪುಸ್ತಕದಾಗ ಇಲ್ಲವಾ," ಎಂದೆ. "ದೊಡ್ಡಸಾಲ್ಯಾಗ ಬರದಾರ. ಅಲ್ಲೆ ಕರಿಯಾಕತ್ತಾರ. ಹೋಗು."

"ಅಲ್ಲೆ ನನ್ನ ಕರಿಯಂಗಿಲ್ರಿ."

"ಅಂದ್ರ?"

"ಅಲ್ಲೆ ಕಾವ್ಯಾ ಅಂತಾರ. ಬಳಿಗಾರ ಸರ್ ಮೊದಲನೇ ದಿವಸನ ಕಾವ್ಯಾ ದುರ್ಗಪ್ಪ ಬಡಿಗೇರ ಅಂದ್ರು. ನನ್ನ ಬಾಯಾಗ ದನೀನ ಇರಲಿಲ್ಲ, ಹೆಂಗ ಹೇಳ್ಲಿ? ಕೈ ಎತ್ತಿದೆ. ದಿನಾ ಎತ್ತತೀನಿ. ಎಲ್ಲಾರೂ ಕಾವ್ಯಾ ಅಂತಾರ, ನಮ್ಮ ಸಾಲಿಂದ ಬಂದವರೂ ಹೊಸಾ ಹೆಸರ ಇಟ್ಟಾರ ಅಂತ ತಿಳದ ಹಂಗ ಕರೀತಾರ, ಶಬಾನಕ್ಕಾ ಒಬ್ಬಾಕಿ ಬಿಟ್ಟು. ಕಾವ್ಯಾನ್ನ ಕರದ್ರ ನಾ ಯಾಕ ಹೋಗ್ಲಿ ಅಕ್ಕೋರೇ?"

ಕಾಶವ್ವನ ದಾಖಲೆ ಪತ್ರ ಬರೆದವಳು ನಾನು. ಏಪ್ರಿಲ್ ಬಿಸಿಲಿನಲ್ಲಿ ಮೂವತ್ತೊಂದು ಪತ್ರಗಳನ್ನು ಒಂದೇ ಸಲಕ್ಕೆ ಕೂತು ಗೀಚಿದ್ದೆ. ನನ್ನ ಅವಸರದ ಅಕ್ಷರದಲ್ಲಿ ಕಾಶವ್ವ ಎಂಬುದು ಆಚೆಯ ಗುಮಾಸ್ತನ ಕಣ್ಣಿಗೆ ಕಾವ್ಯ ಎಂದು ಕಂಡಿತ್ತು.

"ತಪ್ಪ ನಂದವಾ," ಎಂದೆ. "ಈಗ ಹೋಗಿ ತಿದ್ದಸಿ ಬರತೀನಿ."

"ಬ್ಯಾಡ್ರಿ," ಎಂದಿತು ದನಿ. "ನೀವು ಹೇಳಿದ್ರ ನೀವು ಹೇಳಿದಂಗ ಆಗತೈತಿ, ನಾ ಹೇಳಿದಂಗ ಆಗಂಗಿಲ್ಲ."

ಅಷ್ಟೇ. ಆಮೇಲೆ ಎಷ್ಟು ಕರೆದರೂ ಉತ್ತರವಿಲ್ಲ. "ಕಾಶೀ" ಎಂದೆ, ಮೂರು ಸಲ ಎಂದೆ. ಮುನಿಸಿಕೊಂಡು ಕೂತಿದೆಯೋ, ಎದ್ದು ಹೋಗಿದೆಯೋ ತಿಳಿಯಲಿಲ್ಲ. ಮಕ್ಕಳನ್ನು ನಾಲ್ಕನೆಯ ತರಗತಿಯ ಅಕ್ಕೋರಿಗೆ ಒಪ್ಪಿಸಿ, ಸೀರೆಯ ನೆರಿಗೆ ಎತ್ತಿ ಹಿಡಿದು ಏರಿ ಹತ್ತಿದೆ. ಇಪ್ಪತ್ತೆರಡು ವರ್ಷದಿಂದ ಮಕ್ಕಳನ್ನು ಆಚೆ ಕಳಿಸಿದ್ದೇನೆ. ಆ ದಾರಿ ಅಷ್ಟು ಉದ್ದವಿದೆಯೆಂದು ಆವತ್ತು ಗೊತ್ತಾಯಿತು.

ದೊಡ್ಡಸಾಲಿ ಮುಟ್ಟಿದಾಗ ಮಧ್ಯಾಹ್ನದ ಹಾಜರಿ ನಡೆದಿತ್ತು. ಆರನೆಯ ತರಗತಿಯ ಕಿಟಕಿಯ ಪಕ್ಕ, ಒಳಗಿನವರಿಗೆ ಕಾಣದ ಹಾಗೆ ನಿಂತೆ. ಕಾಶವ್ವ ಎರಡನೆಯ ಸಾಲಿನಲ್ಲಿದ್ದಳು. ಬಳಿಗಾರ ಸರ್ ಒಂದೇ ಸಮನೆ ಓದುತ್ತ ಬಂದರು.

"ಕಾವ್ಯಾ ದುರ್ಗಪ್ಪ ಬಡಿಗೇರ."

ಕೈ ಏಳಲಿಲ್ಲ.

"ಕಾವ್ಯಾ," ಎಂದರು ಸರ್, ಕನ್ನಡಕದ ಮೇಲಿಂದ ನೋಡುತ್ತ. "ಅಲ್ಲೇ ಕುಂತೀಯಲ್ಲವಾ, ಕೈ ಎತ್ತು."

ಹುಡುಗಿ ಎದ್ದು ನಿಂತಳು. ಎರಡೂ ಅಂಗೈಯನ್ನು ಡೆಸ್ಕಿನ ಮೇಲೆ ಊರಿದಳು. ಬಾಯಿ ತೆರೆಯಿತು, ಏನೂ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಉಗುಳು ನುಂಗಿದಳು. ಮತ್ತೆ ಬಾಯಿ ತೆರೆದಳು.

"ಸರ್." ಬಹಳ ದಿನ ಮುಚ್ಚಿದ್ದ ಬಾಗಿಲಿನ ಹಾಗೆ ಗೊಗ್ಗರು ದನಿ. ತರಗತಿಯೆಲ್ಲ ತಿರುಗಿತು. "ನಾ ಕಾವ್ಯಾ ಅಲ್ರಿ."

ಸರ್ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು.

"ಕಾಶವ್ವ," ಎಂದಳು. ಈ ಸಲ ಗೊಗ್ಗರಿರಲಿಲ್ಲ. "ಕಾಶವ್ವ ದುರ್ಗಪ್ಪ ಬಡಿಗೇರ. ನಮ್ಮ ಅಮ್ಮನ ಹೆಸರ ಇಟ್ಟಾರ್ರಿ, ಅಪ್ಪನ ಅವ್ವಂದು. ಅಕೀನೂ ಕಾಶವ್ವ, ನಾನೂ ಕಾಶವ್ವ."

"ಇಷ್ಟ ದಿವಸಾ ನಿನ್ನ ಬ್ಯಾರೇದವರ ಹೆಸರಲೆ ಕರದೆನೇನವಾ?"

"ಹೌದ್ರಿ ಸರ್. ದಿನಾ ಎರಡ ಸಲ."

ಬಳಿಗಾರ ಸರ್ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತರು. ಅವರದು ಮೂವತ್ತು ವರ್ಷದ ನೌಕರಿ. "ತಪ್ಪಾತವಾ," ಎಂದರು, ಇಡೀ ತರಗತಿಯ ಎದುರು. ಪುಸ್ತಕದ ಮೇಲೆ ಬಾಗಿ ಹೆಸರು ಹೊಡೆದು ಹಾಕಿದರು, ಮೇಲೆ ಬರೆದರು, ಬರೆದದ್ದನ್ನು ಅವಳ ಡೆಸ್ಕಿಗೇ ಒಯ್ದು ತೋರಿಸಿದರು. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ನೋಡಿ ತಲೆಯಾಡಿಸಿದ ಮೇಲೆಯೇ ಮೇಜಿಗೆ ಮರಳಿದರು. "ಮತ್ತೊಮ್ಮೆ ಕರೀತೀನಿ. ಕಾಶವ್ವ ದುರ್ಗಪ್ಪ ಬಡಿಗೇರ!"

"ಹಾಜರ್ ರಿ ಸರ್!"

ಆ ಕೂಗಿಗೆ ಪಕ್ಕದ ಕೋಣೆಯ ಪಾಠ ನಿಂತುಹೋಯಿತು. ಆಚೆಯ ಎಂಟನೆಯ ತರಗತಿಯಿಂದ ಶಬಾನಾ ಯಾರ ಅಪ್ಪಣೆಯನ್ನೂ ಕೇಳದೆ ಮೊಗಸಾಲೆಗೆ ಓಡಿಬಂದು, "ಬಂತು! ಕಾಶೀ ದನಿ ಬಂತು!" ಎಂದು ಕುಣಿದಳು. ಹತ್ತನೆಯವರು ಬಾಗಿಲಲ್ಲಿ ಗುಂಪುಗೂಡಿದರು, ಅವಳನ್ನು ನೋಡಿ ನಕ್ಕಿದ್ದವರೇ, ಚಪ್ಪಾಳೆ ಅವರಿಂದಲೇ ಶುರುವಾಯಿತು. ಹೆಡ್‌ಮಾಸ್ತರರು ಗದ್ದಲವೇನೆಂದು ನೋಡಲು ಬಂದವರು ತಾವೂ ಚಪ್ಪಾಳೆ ತಟ್ಟಿದರು. ಕಾಶವ್ವ ಮಾತ್ರ ನೆಟ್ಟಗೆ ನಿಂತೇ ಇದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಹಲ್ಲೆಲ್ಲ ಕಾಣುತ್ತಿತ್ತು.

ಗಲಾಟೆ ಅಡಗಿದ ಮೇಲೆ ಬಳಿಗಾರ ಸರ್ ಕನ್ನಡ ಪುಸ್ತಕ ತೆರೆದು, "ಯಾರ ಓದ್ತೀರಿ?" ಎಂದರು. ಎರಡನೆಯ ಸಾಲಿನಿಂದ ಕೈ ಎದ್ದಿತು, ತೋರುಬೆರಳು ಛಾವಣಿಗೆ ನೆಟ್ಟ ಹಾಗೆ.

ಅವಳು ಓದಿದಳು. ಹೊಸ ಪಾಠ, ನಾನು ಅವಳಿಗೆ ಎಂದೂ ಕಲಿಸದ ಪಾಠ. ಮೊದಲ ಪುಟದ ಕೊನೆಗೆ ಒಂದು ಉದ್ದ ಒತ್ತಕ್ಷರದ ಪದ ಬಂತು. ತಡವರಿಸಿದಳು. ಕಿಟಕಿಯ ಹೊರಗೆ ನಿಂತ ನನ್ನ ಬಾಯಿ ತಾನಾಗಿ ತೆರೆಯಿತು, ಹೇಳಿಕೊಡಲು. ಅಷ್ಟರಲ್ಲಿ ಅವಳೇ ಹಿಂದೆ ಹೋಗಿ, ಒಡೆದು ಓದಿ, ಸರಿಮಾಡಿಕೊಂಡು ಮುಂದಿನ ಸಾಲಿಗೆ ಸಾಗಿಬಿಟ್ಟಿದ್ದಳು.